ಬ್ರೇಕಿಗೆ ಹಚ್ಚಿದ ಎಣ್ಣೆ

ನಮ್ಮ ಕಾರನ್ನು ಓಡಿಸುವವಳು ನಾನು, ನೋಡಿಕೊಳ್ಳುವವರು ನನ್ನ ಗಂಡ. ಇದು ಕೂತು ಮಾತಾಡಿ ಮಾಡಿಕೊಂಡ ಹಂಚಿಕೆಯಲ್ಲ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಇವರ ರೆಟಿನಾದ ಚಿತ್ರ ತೆಗೆಸಿ, ಎರಡೂ ಕಣ್ಣಿನ ನಡುಭಾಗ ಸವೆದಿದೆ, ಹೋದದ್ದು ಬರುವುದಿಲ್ಲ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಆಸ್ಪತ್ರೆಯ ಹೊರಗೆ ಬಂದದ್ದೇ ಇವರು ಕೀಲಿಯನ್ನು ನನ್ನ ಕೈಗೆ ಹಾಕಿದರು. ನನ್ನ ಹತ್ತಿರ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಹುಬ್ಬಳ್ಳಿಯಿಂದ ಇಸಳೂರಿನ ನಮ್ಮ ಮನೆಯವರೆಗೆ ಹೆಚ್ಚಾಗಿ ಮೂರನೇ ಗೇರಿನಲ್ಲೇ ಬಂದೆ. ಹಿಂದಿನಿಂದ ಹಾರ್ನ್ ಹೊಡೆದವರನ್ನೆಲ್ಲ ಮನಸ್ಸಿನಲ್ಲೇ ಬೈದೆ. ಮನೆ ಮುಟ್ಟಿ ಎಂಜಿನ್ ಆಫ್ ಮಾಡಿದ ಮೇಲೆ, ಪಕ್ಕದಲ್ಲಿ ಕೂತಿದ್ದ ಇವರು ಹೇಳಿದರು: "ಓಡ್ಸದು ನೀನು, ನೋಡ್ಕಂಬದು ಆನು. ಮತ್ತೆ, ಕಣ್ಣಿನ ಸುದ್ದಿ ಯಾರ ಹತ್ರನೂ ಬ್ಯಾಡ."

ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಇವರು ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಆದರೆ ನಮ್ಮ ನೆಂಟರಿಷ್ಟರಲ್ಲಿ ಇವರ ಹೆಸರಿದ್ದದ್ದು ಆ ನೌಕರಿಯಿಂದಲ್ಲ. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಯಾರ ಮನೆಯಲ್ಲಿ ಕಾರು ಕೊಳ್ಳುವುದಿದ್ದರೂ, ಮಾರುವುದಿದ್ದರೂ ಮೊದಲು ಫೋನ್ ಬರುವುದು ಇವರಿಗೆ. ಕೆಲವರು ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಮೊಬೈಲನ್ನು ಅದರ ಪಕ್ಕ ಹಿಡಿಯುತ್ತಾರೆ. ಇವರು ಕಣ್ಣು ಮುಚ್ಚಿ ಕೇಳಿ, ಫ್ಯಾನ್ ಬೆಲ್ಟು ಸಡಿಲಾಗಿದೆ ಎಂದೋ, ಏನೂ ಆಗಿಲ್ಲ, ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಎಲ್ಲೋ ಸಿಕ್ಕಿಕೊಂಡಿದೆ ಎಂದೋ ಹೇಳುತ್ತಾರೆ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತದೆ. ಸರಿಯಾಗದಿದ್ದಾಗ ಆ ಕಾರಿನವರದ್ದೇ ತಪ್ಪು ಎಂದು ಸಾಧಿಸುವ ಕಲೆಯೂ ಇವರಿಗಿದೆ. ಕಣ್ಣಿನ ಸುದ್ದಿ ಹೊರಬಿದ್ದರೆ ಫೋನುಗಳು ನಿಲ್ಲುತ್ತವೆ, ಬದಲಿಗೆ ಪಾಪ ಎನ್ನಲು ಜನ ಬರುತ್ತಾರೆ. ಹಾಗಾಗಿ ಊರಿಗೆಲ್ಲ ನಾವು ಹೇಳಿದ್ದು ಸೊಂಟನೋವು ಎಂದು. ಕ್ಲಚ್ಚು ತುಳಿಯಬಾರದಂತೆ, ಡಾಕ್ಟರು ಕಡ್ಡಾಯ ಮಾಡಿದ್ದಾರೆ ಎಂದೆವು. ಎಲ್ಲರೂ ನಂಬಿದರು. ನಮ್ಮ ಕಡೆ ಸೊಂಟನೋವನ್ನು ಯಾರೂ ಅನುಮಾನಿಸುವುದಿಲ್ಲ.

ನಂಬುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಇವರಿಗೆ ಅಂಚಿನಲ್ಲಿರುವುದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಸುಕಾಗುತ್ತದೆ. ಹಾಗಾಗಿ ನಡೆಯುವಾಗ ಎಡವುವುದಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ಹೊಡೆದುಕೊಳ್ಳುವುದಿಲ್ಲ. ಚಹಾದ ಲೋಟ ಎಲ್ಲಿದೆ ಎಂದು ತಡಕಾಡುವುದಿಲ್ಲ. ಪೇಪರ್ ಓದಲಾಗುವುದಿಲ್ಲ, ಆದರೆ ಪೇಪರಿನಲ್ಲಿ ಓದುವಂಥದ್ದು ಏನಿದೆ ಎಂದು ಮುಂಚಿನಿಂದಲೂ ಹೇಳುತ್ತಿದ್ದವರೇ ಆದ್ದರಿಂದ ಅದೂ ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕಾರಿನ ಸೇವೆ. ನಾನು ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನಾ ಹೋಗಿಬರುವ ರಸ್ತೆ ಅರ್ಧ ಕಾಡು, ಅರ್ಧ ತಿರುವು. ಆ ರಸ್ತೆಗೆ ಕಾರು ಸರಿಯಿರಬೇಕು ಎಂಬುದು ಇವರ ವಾದ, ಅದರಲ್ಲಿ ತಪ್ಪೇನೂ ಇಲ್ಲ. ಮೊದಲು ಬಾನೆಟ್ ಎತ್ತಿ ಗಾಜಿನ ಬುಡದ ಜಾಲರಿಯಲ್ಲಿ ಸಿಕ್ಕಿದ ಎಲೆ ತೆಗೆಯುವುದು. ಎಲೆ ಕಟ್ಟಿಕೊಂಡರೆ ಮಳೆನೀರು ಒಳಗಿಳಿದು ಕಾಲ ಬುಡದ ಮ್ಯಾಟು ವಾಸನೆ ಬರುತ್ತದೆ. ಆಮೇಲೆ ಎಂಜಿನ್ ಆಯಿಲಿನ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದು, ಬೆರಳಿನಿಂದ ಮುಟ್ಟಿ ಮಟ್ಟ ನೋಡುವುದು. ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಮೂಸಿ, ಇನ್ನೂ ಓಡುತ್ತದೆ ಎಂದೋ ಬದಲಾಯಿಸಬೇಕು ಎಂದೋ ತೀರ್ಪು ಕೊಡುವುದು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕೂತಿದ್ದರೆ ಬಿಸಿನೀರು ಹನಿಸಿ ಉಜ್ಜುವುದು. ಎಂಜಿನ್ ತಂಪಾಗಿಡುವ ಕೂಲೆಂಟಿನ ಡಬ್ಬಿಯನ್ನು ಬೆರಳಿನಿಂದ ತಟ್ಟಿ, ಸದ್ದು ಎಲ್ಲಿ ಬದಲಾಗುತ್ತದೆ ಎಂದು ಕೇಳುವುದು. ವೈಪರಿನ ರಬ್ಬರನ್ನು ಎರಡು ಬೆರಳಿನಲ್ಲಿ ಹಿಡಿದು ತುದಿಯಿಂದ ತುದಿಗೆ ಎಳೆಯುವುದು, ಎಲ್ಲಾದರೂ ಹರಿದಿದ್ದರೆ ತಕ್ಷಣ ಗೊತ್ತಾಗುತ್ತದೆ. ನಾನು ನೋಡುತ್ತ ನಿಂತಿರುತ್ತಿದ್ದೆ. ಕಣ್ಣಿದ್ದವರೂ ಇಷ್ಟು ಮಾಡುವುದಿಲ್ಲ ಅನ್ನಿಸುತ್ತಿತ್ತು. ಟಯರಿನ ಗಾಳಿ ಮಾತ್ರ ಇವರ ಕೈಯಲ್ಲಿರಲಿಲ್ಲ. ಅದನ್ನು ನಾನು ಶಿರಸಿಯ ಪೆಟ್ರೋಲ್ ಬಂಕಿನಲ್ಲಿ ಹಾಕಿಸಿ ಬರುತ್ತಿದ್ದೆ. ಬಂದ ಮೇಲೆ ಇವರು ಒದ್ದು ನೋಡಿ, ಒಂದರಲ್ಲಿ ಕಡಿಮೆ ಹಾಕಿದ್ದಾನೆ ಎನ್ನುವುದು ರೂಢಿ.

ಇನ್ನು ಎಣ್ಣೆಯ ವಿಷಯ. ಮಳೆ ಹಿಡಿಯುವ ಮೊದಲು ಮನೆಯಲ್ಲಿದ್ದ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಗೇಟಿನ ಕೀಲು, ಬಾಗಿಲ ಚಿಲಕ, ಕತ್ತಿ, ಗುದ್ದಲಿ, ಬಾವಿಯ ಗಡಗಡೆ, ಸೈಕಲ್ಲಿನ ಚೈನು, ಏನನ್ನೂ ಬಿಡುವುದಿಲ್ಲ. ಹಚ್ಚದೆ ಬಿಟ್ಟದ್ದು ಮಳೆಗಾಲ ಮುಗಿಯುವಾಗ ಕೆಂಪು ಪುಡಿಯಾಗಿರುತ್ತದೆ. ಇದಕ್ಕೆಂದೇ ಕಾರಿನಿಂದ ತೆಗೆದ ಹಳೆಯ ಎಂಜಿನ್ ಆಯಿಲನ್ನು ಒಂದು ಕ್ಯಾನಿನಲ್ಲಿ ತುಂಬಿಟ್ಟುಕೊಳ್ಳುತ್ತೇವೆ. ಇಸಳೂರಿನಲ್ಲಿ ನಮ್ಮದು ಹೊಸ ಮನೆ, ತೋಟ ಗದ್ದೆ ಏನೂ ಇಲ್ಲ, ಎಣ್ಣೆ ಹಚ್ಚುವಷ್ಟು ಕಬ್ಬಿಣವೂ ಇಲ್ಲ. ಆದರೂ ಪದ್ಧತಿ ನಮ್ಮ ಜೊತೆಗೇ ಬಂದಿದೆ. ಇವರು ಅದನ್ನು ಕಾರಿನ ಚಕ್ರದ ನಟ್ಟುಗಳವರೆಗೂ ಬೆಳೆಸಿದ್ದರು. ಅದಕ್ಕೂ ಹಿನ್ನೆಲೆಯಿದೆ. ಹಿಂದೊಮ್ಮೆ ಅರಬೈಲ್ ಘಟ್ಟದಲ್ಲಿ ಪಂಕ್ಚರ್ ಆಗಿ, ತುಕ್ಕು ಹಿಡಿದ ನಟ್ಟು ಬಿಚ್ಚಲಾಗದೆ, ಲಾರಿಯವರ ಕೈಕಾಲು ಹಿಡಿಯಬೇಕಾಗಿ ಬಂದಿತ್ತು. ಆ ಅವಮಾನವನ್ನು ಇವರು ಮರೆತಿರಲಿಲ್ಲ. ಅಂದಿನಿಂದ ಪ್ರತಿ ಮಳೆಗಾಲದ ಮೊದಲು ಒಂದು ಸಣ್ಣ ಬ್ರಷ್ಷಿನಲ್ಲಿ ಒಂದೊಂದು ನಟ್ಟಿಗೂ ಎಣ್ಣೆ ಸವರುತ್ತಿದ್ದರು. ಗ್ಯಾರೇಜಿನವರು ಹಾಗೆ ಮಾಡಬಾರದು ಎನ್ನುತ್ತಿದ್ದರು. ಇವರು ಕೇಳುತ್ತಿರಲಿಲ್ಲ.

ಕಣ್ಣು ಹೋದ ಆ ವರ್ಷವೂ ಸವರಿದರು. ನಾನು ಒಳಗೆ, ಶಾಲೆ ಶುರುವಾದ ಕೂಡಲೇ ನಡೆಸುವ ಸೇತುಬಂಧ ಪರೀಕ್ಷೆಯ ಪೇಪರುಗಳಲ್ಲಿ ಮುಳುಗಿದ್ದೆ. ಹೊರಗೆ ಬಂದಾಗ ಇವರು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ರಷ್ಷು ಆಡಿಸುತ್ತಿದ್ದರು. ತಲೆ ಸ್ವಲ್ಪ ಓರೆಯಾಗಿತ್ತು, ಅಂಚಿನಿಂದ ನೋಡುವಾಗ ಹಾಗೆ ಓರೆ ಮಾಡುತ್ತಾರೆ. ಮುಗಿದ ಮೇಲೆ ಕೈ ತೊಳೆದುಕೊಂಡು ಬಂದು, "ಇನ್ನು ಎಷ್ಟು ಮಳೆ ಬಂದ್ರೂ ಅಡ್ಡಿಲ್ಲೆ" ಎಂದರು. ಬಹಳ ಸಮಾಧಾನದಲ್ಲಿದ್ದರು.

ಮರುದಿನ ಶಾಲೆಗೆ ಹೊರಟೆ. ಶಿರಸಿಯ ಐದು ರಸ್ತೆಯ ಹತ್ತಿರ ಬ್ರೇಕ್ ಒತ್ತಿದಾಗ ಕಾರು ಬಲಕ್ಕೆ ತುಸು ಎಳೆದಂತಾಯಿತು. ಗಾಳಿ ಕಡಿಮೆ ಇರಬೇಕು ಅಂದುಕೊಂಡೆ. ರಸ್ತೆ ಒದ್ದೆಯಾಗಿದೆ ಅಂತಲೂ ಅಂದುಕೊಂಡೆ. ಹೊತ್ತಾಗಿತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ಸ್ವರ್ಣವಲ್ಲಿಗೆ ತಿರುಗುವ ರಸ್ತೆ ದಾಟಿ ಮುಂದೆ ಒಂದು ಇಳಿಜಾರಿನಲ್ಲಿ ಹೋಗುತ್ತಿರುವಾಗ ಎಡಗಡೆಯ ಪೊದೆಯಿಂದ ಎಮ್ಮೆಯೊಂದು ರಸ್ತೆಗೆ ಬಂತು. ಎದುರಿನಿಂದ ಬಸ್ಸು ಬರುತ್ತಿತ್ತು. ಪೂರ್ತಿ ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ಮೂತಿ ತಿರುಗಿಸಿ ಬಸ್ಸಿನ ಕಡೆಗೇ ಹೊರಟಿತು.

ಕಾಲು ತೆಗೆದೆ, ಸ್ಟಿಯರಿಂಗನ್ನು ಎಡಕ್ಕೆ ಎಳೆದೆ. ಯೋಚಿಸಿ ಮಾಡಿದ್ದೇನಲ್ಲ. ಎಮ್ಮೆ ಅಷ್ಟರಲ್ಲಿ ಹಿಂದೆ ಸರಿದಿತ್ತು, ಅದಕ್ಕಾದರೂ ಬುದ್ಧಿಯಿತ್ತು. ಕಾರು ರಸ್ತೆ ಬಿಟ್ಟು, ಚರಂಡಿ ತೋಡಿ ಹಾಕಿದ ಮಣ್ಣಿನ ದಿಬ್ಬಕ್ಕೆ ಮೂತಿ ಹೂತು ನಿಂತಿತು. ಬಸ್ಸಿನವನು ಕಿಟಕಿಯಿಂದ ತಲೆ ಹೊರಹಾಕಿ, "ಏನ್ರೀ ಮೇಡಂ, ರಸ್ತೆ ಪೂರಾ ನಿಮ್ದೇ ಏನ್ರಿ?" ಎಂದು ಕೇಳಿ ಹೋದ. ಆಗ ಸಾಯಲು ಹೆದರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಹೆದರಿದ್ದೆ.

ಶಿರಸಿಯ ಗ್ಯಾರೇಜಿಗೆ ಫೋನ್ ಮಾಡಿದೆ. ಅದರ ಮಾಲೀಕ ಬನವಾಸಿ ಕಡೆಯವನು, ಬಾಯಿ ಸ್ವಲ್ಪ ಜಾಸ್ತಿ, ಕೆಲಸ ಅಚ್ಚುಕಟ್ಟು. ನಮ್ಮ ನೆಂಟರ ಅರ್ಧ ಕಾರುಗಳು ಅವನ ಹತ್ತಿರವೇ ಹೋಗುತ್ತವೆ. ಬೈಕಿನಲ್ಲಿ ಬಂದು, ಕಾರಿಗೆ ಜಾಕ್ ಕೊಟ್ಟು, ಎಡ ಮುಂದಿನ ಚಕ್ರ ಬಿಚ್ಚಿದ. ಒಳಗಿನ ಬ್ರೇಕಿನ ತಟ್ಟೆಯನ್ನು ಬೆರಳಿನಿಂದ ಒರೆಸಿ ಮೂಸಿದ. ಬೆರಳು ಕಪ್ಪಗಾಗಿತ್ತು. ಆ ಕಪ್ಪು ನೋಡಿದ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು. ನಮ್ಮ ಕಾರಿನ ಚಕ್ರದಲ್ಲಿ ಕಡ್ಡಿಗಳ ನಡುವೆ ಅಗಲವಾದ ಸಂದುಗಳಿವೆ. ಈ ಒಂದು ಚಕ್ರದಲ್ಲಿ ಇವರು ನಟ್ಟು ಎಂದುಕೊಂಡು ಬ್ರಷ್ಷನ್ನು ಆ ಸಂದಿನೊಳಗೆ ಇಳಿಸಿದ್ದರು.

"ಅಕ್ಕಾರೆ, ಇದಕ್ಕ ಎಣ್ಣಿ ಹಚ್ಚಿದವ್ರು ಯಾರ್ರಿ?" ಎಂದು ಕೇಳಿದ.

ಇವನಿಗೆ ನಿಜ ಹೇಳುವುದೂ ಒಂದೇ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಹೇಳುವುದೂ ಒಂದೇ. ಇಷ್ಟು ವರ್ಷ ಕಾರಿನ ವಿಷಯದಲ್ಲಿ ಇವನಿಗೇ ಬುದ್ಧಿ ಹೇಳುತ್ತಿದ್ದವರು ಬ್ರೇಕಿಗೆ ಎಣ್ಣೆ ಹಚ್ಚಿದರೆಂದರೆ, ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಎದ್ದರೆ ಅದು ಕಣ್ಣಿನ ಹತ್ತಿರವೇ ಹೋಗಿ ನಿಲ್ಲುತ್ತದೆ.

"ನಾನೇ," ಎಂದೆ. "ತುಕ್ಕು ಹಿಡಿದಿತ್ತು, ಅದಕ್ಕೆ ಹಚ್ಚಿದೆ."

"ಸಾಹೇಬ್ರು ಮನ್ಯಾಗ ಇರ್ಲಿಲ್ಲೇನ್ರಿ?"

"ಇರಲಿಲ್ಲ."

"ನೋಡ್ರಿ ಅಕ್ಕಾರೆ, ಎಣ್ಣಿ ಬಾಗಲಕ್ಕ ಹಚ್ರಿ, ಗೇಟಿಗೆ ಹಚ್ರಿ, ಬೇಕಾದ್ರ ತಲಿಗೂ ಹಚ್ಕೋರಿ. ಬ್ರೇಕಿಗೆ ಮಾತ್ರ ಹಚ್ಬ್ಯಾಡ್ರಿ. ಬ್ರೇಕು ತಿಕ್ಕಿದ್ರನ ಗಾಡಿ ನಿಲ್ಲೋದು." ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವವಳಿಗೆ ಪಾಠ ಹೇಳುವ ಅವಕಾಶ ಯಾರಿಗೆ ತಾನೇ ಬೇಡ? ತಟ್ಟೆಯನ್ನು ಪೆಟ್ರೋಲಿನಿಂದ ತೊಳೆದ. ಗ್ಯಾರೇಜಿಗೆ ನಿಧಾನ ಒಯ್ದು ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡ್ ಎರಡೂ ಕಡೆ ಬದಲಾಯಿಸಿದ. ಪ್ಯಾಡು ಒಮ್ಮೆ ಎಣ್ಣೆ ಕುಡಿದರೆ ತೊಳೆದರೂ ಹೋಗುವುದಿಲ್ಲವಂತೆ. ನಾನು ಶಾಲೆಗೆ ರಜೆ ಹೇಳಿ ಮನೆಗೆ ಬಂದೆ.

"ಎಂತ ಆತು?" ಎಂದು ಇವರು ಕೇಳಿದರು.

"ಬ್ರೇಕ್ ಹಿಡೀತಿತ್ತಿಲ್ಲೆ. ಪ್ಯಾಡ್ ಬದಲಾಯ್ಸಿಕೊಟ್ಟ."

"ಪ್ಯಾಡು ಹೊಸ್ತೇ ಇತ್ತಲ?"

"ಮಳೆಗಾಲಕ್ಕೆ ಬೇಗ ಸವೆತ್ತಡ."

ಇವರು ಮುಖ ಗಂಟಿಕ್ಕಿದರು. ಇತ್ತೀಚೆಗೆ ಬರುವ ಸಾಮಾನೇ ಸರಿಯಿಲ್ಲ ಎಂದು ಪ್ಯಾಡು ಮಾಡಿದ ಕಂಪನಿಯನ್ನು ಬೈದರು. ನನಗೆ ಬಸ್ಸಿನ ಮುಂಭಾಗ ಕಣ್ಣ ಮುಂದಿನಿಂದ ಹೋಗಿರಲಿಲ್ಲ. ಸಿಟ್ಟು ಬಂದಿತ್ತು. ಇವರ ಮೇಲೆ, ಆ ಎಣ್ಣೆಯ ಮೇಲೆ, ಗುಟ್ಟು ಕಾಯುವ ನನ್ನ ಕೆಲಸದ ಮೇಲೆ. ಆದರೆ ಇವರಿಂದ ಭಾನುವಾರವನ್ನು ಕಿತ್ತುಕೊಂಡರೆ ಉಳಿದ ದಿನಗಳನ್ನು ಇವರು ಏನು ಮಾಡಬೇಕು? ಎಣ್ಣೆಯ ಕ್ಯಾನನ್ನು ಪಕ್ಕದ ಮನೆ ಕಟ್ಟುತ್ತಿದ್ದವರಿಗೆ ಕೊಟ್ಟುಬಿಟ್ಟೆ, ಅವರಿಗೆ ಕಾಂಕ್ರೀಟು ಅಂಟದಂತೆ ಸೆಂಟ್ರಿಂಗ್ ಹಲಗೆಗೆ ಹಚ್ಚಲು ಬೇಕಾಗಿತ್ತು.

ಆಮೇಲಿಂದ ನಮ್ಮ ಕಾರಿಗೆ ಎರಡೆರಡು ಸಲ ಸೇವೆ ನಡೆಯತೊಡಗಿತು. ಇವರು ಸ್ನಾನಕ್ಕೆ ಹೋದಾಗಲೋ ಫೋನಿನಲ್ಲಿ ಯಾರದೋ ಎಂಜಿನ್ನಿನ ಸದ್ದು ಕೇಳುತ್ತಿರುವಾಗಲೋ ನಾನು ಹೋಗಿ ನೋಡುತ್ತಿದ್ದೆ. ಆಯಿಲಿನ ಕಡ್ಡಿ ಪೂರ್ತಿ ಒಳಗೆ ಕೂತಿದೆಯೋ, ಮುಚ್ಚಳ ತಿರುಗಿಸಿ ಬಿಗಿ ಮಾಡಿದ್ದಾರೋ, ಬ್ರೇಕ್ ಫ್ಲೂಯಿಡ್ ಅದರ ಡಬ್ಬಿಯ ಎರಡು ಗೆರೆಗಳ ನಡುವೆ ಇದೆಯೋ. ಒಮ್ಮೆ ಗಾಜು ತೊಳೆಯುವ ನೀರನ್ನು ಕೂಲೆಂಟಿನ ಡಬ್ಬಿಗೆ ಹೊಯ್ಯಲು ಹೊರಟಿದ್ದರು. ಅಡುಗೆಮನೆಯಿಂದ ಕರೆದು, ಇಲ್ಲದ ಕೆಲಸವೊಂದನ್ನು ಹೇಳಿ ತಪ್ಪಿಸಿದೆ. ಇಷ್ಟೆಲ್ಲ ಮಾಡುತ್ತ ಮಾಡುತ್ತ ನನಗೇ ಗೊತ್ತಿಲ್ಲದೆ ಕಾರಿನ ಕೆಲಸ ಕಲಿತುಬಿಟ್ಟೆ. ಖುಷಿಯೇನೂ ಆಗಲಿಲ್ಲ. ಕಳ್ಳತನದಲ್ಲಿ ಕಲಿತದ್ದನ್ನು ಹೇಳಿಕೊಂಡು ಓಡಾಡಲು ಬರುವುದಿಲ್ಲ.

ಮಳೆ ಬಿಟ್ಟು ಹೊಳವಾದ ಮೇಲೆ ಹೇರೂರಿನಲ್ಲಿರುವ ಇವರ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಹತ್ತಿರದ ನೆಂಟರಷ್ಟೇ. ಊಟವಾಗಿ ಎಲ್ಲರೂ ಜಗುಲಿಗೆ ಬಂದು ಎಲೆಯಡಿಕೆಯ ಕವಳದ ತಟ್ಟೆಯ ಸುತ್ತ ಕೂತರು. ನಾನೂ ಇವರ ಪಕ್ಕ ಕೂತಿದ್ದೆ. ಹಾಗೆ ಕೂರುವುದಕ್ಕೆ ಕಾರಣವಿತ್ತು. ಯಾರಾದರೂ ಮಾತಾಡದೆ ಏನಾದರೂ ಕೈಗೆ ಕೊಡಲು ಬಂದರೆ, ಇದಾ ಸುಣ್ಣ, ಇದಾ ಅಡಿಕೆ ಎಂದು ಮಧ್ಯೆ ನಾನು ತೆಗೆದುಕೊಡುತ್ತಿದ್ದೆ. ಅಕ್ಕನ ಗಂಡ, ಅಂದರೆ ಇವರ ಭಾವ, ಮಾತಿನಲ್ಲಿ ಯಾರನ್ನೂ ಬಿಡುವವರಲ್ಲ. ಎಲೆಗೆ ಸುಣ್ಣ ಹಚ್ಚುತ್ತ ನನ್ನ ಕಡೆ ತಿರುಗಿದರು.

"ತಂಗಿ, ನಮ್ಮನೆ ಕಾರಿಗೂ ಒಂಚೂರು ಎಣ್ಣೆ ಹಚ್ಚಿಕೊಟ್ಟು ಹೋಗೆ. ಬ್ರೇಕಿಗೇ ಹಚ್ಚವಡ, ನಿಂಗೆ ಗೊತ್ತಿದ್ದಲ."

ಗ್ಯಾರೇಜಿನವನ ಮೈಕು ಹೇರೂರಿನವರೆಗೂ ಕೇಳಿಸಿತ್ತು. ಜಗುಲಿಯೆಲ್ಲ ನಕ್ಕಿತು. ಯಾರೋ, "ಗಣಿತದ ಅಕ್ಕೋರಿಗೆ ಲೆಕ್ಕ ತಪ್ಪಿತಡ" ಎಂದರು. ನಾನೂ ನಕ್ಕೆ. ನಗುವುದಕ್ಕೆ ತಯಾರಿ ಮಾಡಿಕೊಂಡೇ ಇದ್ದೆ. ಇವತ್ತಲ್ಲ ನಾಳೆ ಈ ಮಾತು ಬರುತ್ತದೆಂದು ಗೊತ್ತಿತ್ತು.

"ಎಂತ ಎಣ್ಣೆ?" ಎಂದು ಇವರು ಕೇಳಿದರು.

"ನಿಂಗೆ ಹೇಳಿದ್ದೇ ಇಲ್ಯ?" ಭಾವನಿಗೆ ಇನ್ನೂ ಹುರುಪು ಬಂತು. "ಮಳೆ ಹಿಡಿವಾಗ ಬ್ರೇಕಿನ ತಟ್ಟೆಗೆ ಕರೀ ಆಯಿಲ್ ಸವರಿಟ್ಟಿದ್ದು ಮಾರಾಯ. ಸ್ವರ್ಣವಲ್ಲಿ ಕ್ರಾಸಿನಾಚೆ ಬಸ್ಸಿಗೆ ಗುದ್ದದು ಸ್ವಲ್ಪದ್ರಲ್ಲಿ ತಪ್ಪಿದ್ದಡ. ನಿನ್ನಂಥವ್ನ ಹೆಂಡತಿ ಇಂಥ ಕೆಲಸ ಮಾಡ್ತು ಹೇಳಿರೆ!"

ಇವರು ಎಲೆ ಮಡಿಸುತ್ತಿದ್ದ ಕೈ ನಿಲ್ಲಿಸಿದರು. ನಾನು ಇವರ ಮೊಣಕೈ ಒತ್ತಿದೆ. ಏನೂ ಮಾತಾಡಬೇಡಿ ಎಂಬುದಕ್ಕೆ ಅದು ನಮ್ಮ ಸನ್ನೆ. ಇವರು ಮೊಣಕೈಯನ್ನು ಸರಿಸಿಕೊಂಡರು.

"ಬಸ್ಸು ಎಷ್ಟು ಹತ್ರ ಬಂದಿತ್ತು?" ಎಂದು ನನ್ನನ್ನು ಕೇಳಿದರು.

ನಾನು, ಸುಣ್ಣ ಬೇಕಾ ಎಂದು ಕೇಳಿದೆ. ಅದೇ ಉತ್ತರವಾಯಿತು.

"ಭಾವ, ಎಣ್ಣೆ ಹಚ್ಚಿದ್ದು ಆನು," ಎಂದರು.

"ಹೆಂಡತಿ ಪರ ವಕಾಲತ್ತು ಶುರುವಾತು," ಎಂದು ಭಾವ ಮತ್ತೆ ನಗಲು ಹೊರಟರು.

"ವಕಾಲತ್ತಲ್ಲ. ನಟ್ಟಿಗೆ ಹಚ್ಚಲೆ ಕೂತಿದ್ದು ಆನು. ಬ್ರಷ್ಷು ಎಲ್ಲಿ ಹೋಗ್ತಾ ಇದ್ದು ಹೇಳಿ ಯಂಗೆ ಕಂಡಿದ್ದಿಲ್ಲೆ. ಯಂಗೆ ಕಣ್ಣು ಕಾಣ್ತಿಲ್ಲೆ. ಸೊಂಟನೋವೆಲ್ಲ ಸುಳ್ಳು." ಇವರ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಫೋನಿನಲ್ಲಿ ಫ್ಯಾನ್ ಬೆಲ್ಟಿನ ವಿಷಯ ಹೇಳುವಂತೆಯೇ ಹೇಳಿದರು. "ಇಷ್ಟು ದಿನ ಬಚ್ಚಿಟ್ಟಿದ್ದು ಸಾಕು. ಅದಕ್ಕಾಗಿ ಇವ್ಳು ಸಾಯದು ಸ್ವಲ್ಪದ್ರಲ್ಲಿ ತಪ್ಪಿದ್ದು, ಮೇಲಿಂದ ನಗೆಪಾಟಲು ಬೇರೆ ಬ್ಯಾಡ."

ಭಾವ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗಿಡದೆ ಹಾಗೇ ಹಿಡಿದುಕೊಂಡಿದ್ದರು. ನನಗೆ ನಾಚಿಕೆಯಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಇಷ್ಟು ದಿನ ಕಾದ ಗುಟ್ಟು ಇಷ್ಟು ಬೇಗ ಮುಗಿಯಿತಲ್ಲ ಎಂದು ಖಾಲಿ ಅನ್ನಿಸಿತು. ಹಾಗೆಯೇ ಇವರ ಮೇಲೆ ಬಹಳ ಅಕ್ಕರೆ ಉಕ್ಕಿತು. ಅದನ್ನು ತೋರಿಸಲು ಆ ಜಾಗ ಸರಿಯಿರಲಿಲ್ಲ.

ಅಕ್ಕ ಮಜ್ಜಿಗೆಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಪಾತ್ರೆಯನ್ನು ಕೆಳಗಿಟ್ಟು ಬಂದು ಇವರ ಎದುರು ಕೂತರು. ಪಾಪ ಎನ್ನಲಿಲ್ಲ, ಅಳಲಿಲ್ಲ.

"ತಮಾ, ಯನ್ನ ಮುಖ ಕಾಣ್ತ?" ಎಂದು ಕೇಳಿದರು.

"ಇಲ್ಲೆ ಅಕ್ಕ. ದನಿ ಗೊತ್ತಾಗ್ತು."

"ಬೇರೆಯವ್ರದ್ದು?"

"ಯಾರದೂ ಇಲ್ಲೆ."

ಆ ಡಾಕ್ಟರ ಎದುರು ಇವರ ಜೊತೆ ಕೂತವಳು ನಾನು. ಆಯಿಲಿನ ಕಡ್ಡಿಯ ಗೆರೆ ಕಾಣುವುದಿಲ್ಲ, ಗಾಳಿಯ ಮೀಟರಿನ ಅಂಕಿ ಕಾಣುವುದಿಲ್ಲ, ಡಬ್ಬಿಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು ಒಂದೊಂದನ್ನೂ ಕಂಡುಹಿಡಿದು ಅದರ ಹಿಂದೆ ಓಡಿದವಳೂ ನಾನೇ. ಅಕ್ಕ ಕೇಳಿದ್ದನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಇವರು ಮಾತಾಡುವಾಗ ನನ್ನ ಕಡೆ ತಿರುಗುತ್ತಿದ್ದರು, ನಾನು ನಗುತ್ತಿದ್ದೆ, ಮುಖ ಸಿಂಡರಿಸುತ್ತಿದ್ದೆ, ಅದೆಲ್ಲ ತಲುಪುತ್ತಿದೆ ಎಂದೇ ನಂಬಿದ್ದೆ. ಯಾರದೂ ಇಲ್ಲೆ ಎಂದಾಗಲೂ ಇವರು ನನ್ನ ಕಡೆಗೇ ತಿರುಗಿದ್ದರು.